ತಂತ್ರಾಂಶದ ಭದ್ರತೆ: ತಳಪಾಯದಲ್ಲಿಯೋ, ಮೇಲುಗಾರೆಯಲ್ಲಿಯೋ?

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಹುಟ್ಟಿ ಬೆಳೆದವರಿಗೆ ಕೋಟೆಗಳ ವಿಷಯವನ್ನು ಹೊಸದಾಗಿ ಹೇಳಬೇಕಾದುದಿಲ್ಲ. ಕೆಳದಿಯ ವೀರಶೈವ ಅರಸರು ತಮ್ಮ ರಾಜಧಾನಿಯನ್ನು ಕೆಳದಿಯಿಂದ ಇಕ್ಕೇರಿಗೂ, ಅಲ್ಲಿಂದ ಬಿದನೂರಿಗೂ ಸಾಗಿಸಿದರು. ಇಂದು ನಾವು ನಗರವೆಂದು ಕರೆಯುವ ಆ ಬಿದನೂರು ಬೆಟ್ಟ, ದಟ್ಟವಾದ ಕಾಡು, ಬಿಡದೆ ಸುರಿಯುವ ಮಳೆ ಇವುಗಳ ನಡುವೆ ನೆಲೆಗೊಂಡಿದ್ದ ಊರು. ಅದರ ದಾರಿಗಳಿಗೆ ಕಾವಲಿನ ತಡೆಬಾಗಿಲುಗಳಿದ್ದವು. ಕವಲೇದುರ್ಗವನ್ನು ಹತ್ತಿದವರು ಒಂದು ಹೆಬ್ಬಾಗಿಲನ್ನು ದಾಟಿದೊಡನೆ ಮತ್ತೊಂದು ಹೆಬ್ಬಾಗಿಲು ಎದುರಾಗುವುದನ್ನು ಕಂಡಿದ್ದಾರೆ. ಹೀಗೆ ಕಟ್ಟಿಸಿದವರಿಗೆ ರಕ್ಷಣೆಯ ಶಾಸ್ತ್ರ ತಿಳಿದಿರಲಿಲ್ಲವೆಂದು ಯಾರೂ ಹೇಳಲಾರರು. ಆದರೂ 1763ರಲ್ಲಿ ಬಿದನೂರು ಹೈದರಾಲಿಯ ವಶವಾಯಿತು. ಸೆರೆಯಲ್ಲಿದ್ದ ಹಳೆಯ ಮಂತ್ರಿಯೊಬ್ಬನು ಊರೊಳಗೆ ಹೋಗುವ ಗುಪ್ತದಾರಿಯನ್ನು ಹೈದರನಿಗೆ ತಿಳಿಸಿದನೆಂದೂ, ಮುಂಬಾಗಿಲುಗಳಲ್ಲಿ ತೋರಿಕೆಯ ಕದನ ನಡೆಯುತ್ತಿದ್ದಾಗಲೇ ಒಂದು ದಳ ಆ ದಾರಿಯಿಂದ ಒಳಹೊಕ್ಕಿತೆಂದೂ ವಿಲ್ಕ್ಸ್ ತನ್ನ ಮೈಸೂರಿನ ಇತಿಹಾಸದಲ್ಲಿ ಬರೆದಿದ್ದಾನೆ. ಗೋಡೆಯ ಬಲಾಬಲದ ಪ್ರಶ್ನೆ ಅಲ್ಲಿ ಏಳಲೇ ಇಲ್ಲ. ಒಂದು ದಾರಿ ಗುಟ್ಟಾಗಿಯೇ ಉಳಿಯುವುದೆಂಬ ನಂಬಿಕೆಯ ಮೇಲೆ ಇಡೀ ರಾಜಧಾನಿಯ ರಕ್ಷಣೆ ನಿಂತಿತ್ತು.

ಸ್ಮರಣ ಸಂಚಿಕೆಯಲ್ಲಿ ಗಣಕಯಂತ್ರದ ತಂತ್ರಾಂಶವನ್ನು ಕುರಿತು ಬರೆಯಲು ಹೊರಟು ಕೋಟೆಯ ಮಾತನ್ನು ಎತ್ತಿದುದಕ್ಕೆ ಕಾರಣವಿದೆ. ಈ ಸೀಮೆಯ ಶಾಲೆಗಳಲ್ಲಿ ಓದಿ ಇಂದು ಬೆಂಗಳೂರಿನ ಸಂಸ್ಥೆಗಳಲ್ಲಿ ತಂತ್ರಾಂಶ ರಚನೆಯನ್ನೇ ಕಾಯಕವಾಗಿಸಿಕೊಂಡಿರುವ ಹಳೆಯ ವಿದ್ಯಾರ್ಥಿಗಳು ಅನೇಕರಿದ್ದಾರೆ. ಅವರೊಡನೆ ಮಾತಿಗೆ ಕುಳಿತಾಗಲೆಲ್ಲ ಒಂದು ಪ್ರಶ್ನೆ ತಲೆದೋರುತ್ತದೆ: ತಂತ್ರಾಂಶವನ್ನು ಮೊದಲ ದಿನದಿಂದಲೇ ಭದ್ರವಾಗಿ ರೂಪಿಸಲು ಸಾಧ್ಯವೇ, ಇಲ್ಲವೇ ಮೊದಲು ಕಟ್ಟಿ, ಕಳ್ಳ ನುಗ್ಗಿದ ಮೇಲೆ ಆ ಕಂಡಿಯನ್ನು ಮುಚ್ಚುತ್ತ ಹೋಗುವುದೊಂದೇ ಗತಿಯೇ? ಎರಡನೆಯದೇ ಲೋಕರೂಢಿ ಎಂದು ಹೆಚ್ಚಿನವರು ನಗುತ್ತ ಹೇಳಿಬಿಡುತ್ತಾರೆ. ಆ ನಗೆಯನ್ನು ಒಪ್ಪಲು ನನಗೆ ಮನಸ್ಸಾಗುವುದಿಲ್ಲ.

ಭದ್ರತೆ ಎಂದರೆ ದೋಷವೇ ಇಲ್ಲದಿರುವುದು ಎಂದು ಅರ್ಥ ಮಾಡುವುದಾದರೆ ಅದು ಸಾಧ್ಯವಿಲ್ಲವೆಂದೇ ಒಪ್ಪಬೇಕಾಗುತ್ತದೆ. ಮನುಷ್ಯನು ಬರೆದ ಯಾವುದೇ ಬರಹದಲ್ಲಿಯೂ ತಪ್ಪು ನುಸುಳುತ್ತದೆ. ಆದರೆ ವಿನ್ಯಾಸದ ಹಂತದಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ. ತಪ್ಪು ಆದಾಗ ಏನು ಕಳೆದುಹೋಗುತ್ತದೆ, ಎಷ್ಟು ಕಳೆದುಹೋಗುತ್ತದೆ, ಕಳೆದುದು ತಿರುಗಿ ಬರುತ್ತದೆಯೇ, ಯಾರೂ ಏನೂ ಮಾಡದೆ ಸುಮ್ಮನಿದ್ದಾಗ ಬಾಗಿಲು ಮುಚ್ಚಿರುತ್ತದೆಯೋ ತೆರೆದಿರುತ್ತದೆಯೋ? ಇವು ಕಟ್ಟುವ ಮುನ್ನ ಮಾತ್ರ ಸರಿಯಾಗಿ ಉತ್ತರಿಸಬಹುದಾದ ಪ್ರಶ್ನೆಗಳು. ಅಮೆರಿಕದ ಜೆರೋಮ್ ಸಾಲ್ಟ್ಜರ್ ಮತ್ತು ಮೈಕೆಲ್ ಶ್ರೋಡರ್ ಎಂಬ ವಿದ್ವಾಂಸರು 1975ರಷ್ಟು ಹಿಂದೆಯೇ ಒಂದು ಪ್ರೌಢ ಪ್ರಬಂಧದಲ್ಲಿ ಇದನ್ನು ಸೂತ್ರಪ್ರಾಯವಾಗಿ ಹೇಳಿದ್ದಾರೆ. ಅನುಮತಿ ಕೊಟ್ಟವರಿಗೆ ಮಾತ್ರ ಪ್ರವೇಶವಿರಬೇಕು. ಉಳಿದಂತೆ ಎಲ್ಲವೂ ಮುಚ್ಚಿರಬೇಕು. ಪ್ರತಿಯೊಬ್ಬನಿಗೂ ಅವನ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಸಾಕು. ರಚನೆಯ ಗುಟ್ಟಿನ ಮೇಲೆ ರಕ್ಷಣೆ ನಿಲ್ಲಬಾರದು. ಈ ಕೊನೆಯ ಮಾತನ್ನು ಓದುವಾಗ ಬಿದನೂರು ನೆನಪಾಗದೆ ಹೇಗಿದ್ದೀತು!

ಉಪಾಧ್ಯಾಯ ಮಿತ್ರರಿಗೆ ಇದು ಅಪರಿಚಿತ ವಿಷಯವೆಂದು ನಾನು ಭಾವಿಸುವುದಿಲ್ಲ. ಸರ್ಕಾರಿ ಖಜಾನೆಯ ಭದ್ರಕೊಠಡಿಗೆ ಎರಡು ಬೀಗ, ಎರಡು ಕೀಲಿ, ಆ ಕೀಲಿಗಳು ಇಬ್ಬರು ಬೇರೆ ಬೇರೆ ಅಧಿಕಾರಿಗಳ ಕೈಯಲ್ಲಿ: ಈ ಏರ್ಪಾಡು ಗಣಕಯಂತ್ರ ಬರುವ ಮೊದಲೇ ಇತ್ತು. ನಮ್ಮ ಶಾಲೆಗಳ ದಾಖಲಾತಿ ವಹಿಯನ್ನೇ ನೋಡಿ. ಅದರಲ್ಲಿ ಬರೆದ ಜನ್ಮದಿನಾಂಕವನ್ನು ಕೆರೆದು ಅಳಿಸುವಂತಿಲ್ಲ. ತಿದ್ದುಪಡಿ ಅನಿವಾರ್ಯವಾದರೆ ಹಳೆಯದು ಕಾಣುವಂತೆ ಗೆರೆ ಎಳೆದು, ಆಧಾರವನ್ನು ನಮೂದಿಸಿ, ಮುಖ್ಯೋಪಾಧ್ಯಾಯರು ರುಜು ಹಾಕಬೇಕು. ಯಾರು, ಯಾವಾಗ, ಯಾವ ಆಧಾರದ ಮೇಲೆ ತಿದ್ದಿದರೆಂಬುದು ನಲವತ್ತು ವರ್ಷಗಳ ನಂತರವೂ ತಿಳಿಯುತ್ತದೆ. ವಹಿಯನ್ನು ಮೊದಲು ರೂಪಿಸಿದ ಪುಣ್ಯಾತ್ಮರು ಅದನ್ನು ಬಳಸುವವರೆಲ್ಲರೂ ಸತ್ಯವಂತರೇ ಆಗಿರುತ್ತಾರೆಂದು ಊಹಿಸಲಿಲ್ಲ. ಊಹಿಸದಿದ್ದುದೇ ಅವರ ವಿವೇಕ.

ಇಂಥ ವಿವೇಕ ತಂತ್ರಾಂಶದಲ್ಲಿಯೂ ಒಮ್ಮೆ ನಮ್ಮ ರಾಜ್ಯದಲ್ಲಿ ಕಂಡುಬಂದಿತೆಂಬುದನ್ನು ಸಂತೋಷದಿಂದ ಹೇಳಬೇಕು. ಕಾಗೋಡಿನ ನೆಲದವರಿಗೆ ಪಹಣಿಯ ಒಂದು ಸಾಲಿನ ಬೆಲೆ ಏನೆಂಬುದನ್ನು ವಿವರಿಸುವುದು ಅಧಿಕಪ್ರಸಂಗವಾದೀತು. 1951ರಲ್ಲಿ ಗೇಣಿದಾರರು ಅಲ್ಲಿ ಸತ್ಯಾಗ್ರಹ ಹೂಡಿದುದು, 1974ರ ಭೂಸುಧಾರಣಾ ತಿದ್ದುಪಡಿಯ ನಂತರ ಏಳನೆಯ ನಮೂನೆಯ ಅರ್ಜಿ ಹಿಡಿದು ಭೂನ್ಯಾಯಮಂಡಳಿಯ ಮುಂದೆ ನಿಂತುದು, ಎಲ್ಲವೂ ಕೊನೆಗೆ ಒಂದು ಸಾಲಿನ ಬರವಣಿಗೆಗಾಗಿ. ಆ ಸಾಲು ಯಾರ ಪೆಟ್ಟಿಗೆಯಲ್ಲಿದೆ, ಯಾರ ಕೈಯಲ್ಲಿ ಬದಲಾಗುತ್ತದೆ ಎಂಬುದರ ಮೇಲೆ ಸಂಸಾರಗಳು ನಿಂತಿದ್ದವು, ಮುಳುಗಿದ್ದವು. 2000ದ ಸುಮಾರಿಗೆ ಆರಂಭವಾಗಿ ಎರಡು ವರ್ಷಗಳಲ್ಲಿ ರಾಜ್ಯದ 177 ತಾಲ್ಲೂಕು ಕೇಂದ್ರಗಳಿಗೂ ಹರಡಿದ 'ಭೂಮಿ' ಯೋಜನೆಯು ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ಅಷ್ಟು ದೊಡ್ಡ ಸಂಖ್ಯೆಗಿಂತಲೂ ನನ್ನ ಗಮನ ಸೆಳೆದುದು ಅದರ ಒಳರಚನೆ. ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲಿಯೇ ವಿಲೇವಾರಿಯಾಗಬೇಕು. ಕೆಳಗಿನ ಅರ್ಜಿಯನ್ನು ಮೇಲೆ ಎತ್ತಿಕೊಳ್ಳಲು ಯಂತ್ರವೇ ಬಿಡುವುದಿಲ್ಲ. ಒಪ್ಪಿಗೆ ಕೊಡುವ ಅಧಿಕಾರಿ ತನ್ನ ಬೆರಳಿನ ಗುರುತನ್ನು ಒತ್ತಿಯೇ ಒಳಗೆ ಹೋಗಬೇಕು; ಆದ್ದರಿಂದ ತನ್ನ ಪಾಸ್‌ವರ್ಡನ್ನು ಇನ್ನಾರೋ ಬಳಸಿದರೆಂದು ನಾಳೆ ಹೇಳಿ ಜಾರಿಕೊಳ್ಳುವುದು ಸುಲಭವಲ್ಲ. ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವೆಂದು ಸಾರಿದುದರಿಂದ ಹಿಂಬಾಗಿಲೂ ಮುಚ್ಚಿತು. ಬಹುಕಾಲ ಜನರನ್ನು ಕಾಡಿದ ಒಂದು ರೋಗವನ್ನು ಮೊದಲು ಗುರುತಿಸಿ, ಅದಕ್ಕೆ ತಕ್ಕ ತಡೆಯನ್ನು ರಚನೆಯೊಳಗೇ ಇಟ್ಟರು. ಇದೇ ಮೊದಲಿನಿಂದ ಭದ್ರವಾಗಿ ರೂಪಿಸುವುದು.

ಭೂಮಿಯಲ್ಲಿ ಲೋಪಗಳಿಲ್ಲವೆಂದು ಇದರ ಅರ್ಥವಲ್ಲ. ಹಳೆಯ ವಹಿಯಲ್ಲಿ ತಪ್ಪಾಗಿದ್ದುದು ಯಂತ್ರದಲ್ಲಿಯೂ ತಪ್ಪಾಗಿಯೇ ಕುಳಿತಿತು. ಲಿಂಗನಮಕ್ಕಿಯ ನೀರಿನಲ್ಲಿ ಮನೆಮಠ ಕಳೆದುಕೊಂಡು ಬೇರೆಡೆ ಕಾಡಿನ ಅಂಚಿಗೆ ಬಂದ ಶರಾವತಿ ಸಂತ್ರಸ್ತರ ಹೆಸರು ಯಾವ ಪಹಣಿಯಲ್ಲಿಯೂ ಸರಿಯಾಗಿ ಏರದೇ ಹೋದುದಕ್ಕೆ ತಂತ್ರಾಂಶ ಏನು ಮಾಡೀತು? ಬರೆಯದ ಸಾಲನ್ನು ಯಾವ ಬೀಗವೂ ಕಾಯಲಾರದು.

ಇನ್ನು ಇದಕ್ಕೆ ವಿರುದ್ಧವಾದ ಉದಾಹರಣೆ. ಅದೂ ಭೂದಾಖಲೆಗೆ ಸಂಬಂಧಿಸಿದ್ದು, ಅದೂ ಬೆರಳಿನ ಗುರುತಿಗೆ ಸಂಬಂಧಿಸಿದ್ದು, ಅದೂ ನಮ್ಮ ರಾಜ್ಯದ್ದೇ. ಜಮೀನನ್ನೋ ಮನೆಯನ್ನೋ ಮಾರುವವರೂ ಕೊಳ್ಳುವವರೂ ಉಪನೋಂದಣಾಧಿಕಾರಿಯ ಕಚೇರಿಗೆ ಹೋಗಿ ಕ್ರಯಪತ್ರಕ್ಕೆ ಹೆಬ್ಬೆರಳಿನ ಗುರುತು ಹಾಕುವುದು ಹಳೆಯ ಪದ್ಧತಿ. ಪತ್ರದಲ್ಲಿ ಆಧಾರ್ ಸಂಖ್ಯೆಯನ್ನು ಕಾಣಿಸುವುದು ಹೊಸ ಪದ್ಧತಿ. ನೋಂದಾಯಿತ ಪತ್ರದ ನಕಲು ಆಸಕ್ತರಿಗೆ ದೊರೆಯಬೇಕೆಂಬುದೂ ನ್ಯಾಯವೇ, ಏಕೆಂದರೆ ಭೂಮಿಯ ವ್ಯವಹಾರ ನಾಲ್ಕು ಜನರಿಗೆ ತಿಳಿದಿರಬೇಕು. ಈ ನಕಲುಗಳು ಕಾವೇರಿ ಎಂಬ ನೋಂದಣಿ ಜಾಲತಾಣದ ಮೂಲಕ ಮನೆಯಲ್ಲಿ ಕುಳಿತೇ ಸಿಗುವಂತಾದುವು. ಇನ್ನೊಂದು ಕಡೆ, ಡೆಬಿಟ್ ಕಾರ್ಡು ಬಳಸಲಾರದ ಹಳ್ಳಿಯ ವೃದ್ಧರೂ ತಮ್ಮ ಪಿಂಚಣಿಯನ್ನು ಊರಿನಲ್ಲಿಯೇ ಪಡೆಯಲೆಂಬ ಸದುದ್ದೇಶದಿಂದ ಆಧಾರ್ ಆಧಾರಿತ ಪಾವತಿ ವ್ಯವಸ್ಥೆ ಬಂದಿತ್ತು. ಅದರಲ್ಲಿ ಹಣ ತೆಗೆಯಲು ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳಿನ ಗುರುತು ಇಷ್ಟಿದ್ದರೆ ಸಾಕು. ಮೊಬೈಲಿಗೆ ಒಟಿಪಿ ಬರುವುದಿಲ್ಲ, ಗುಪ್ತಸಂಖ್ಯೆಯನ್ನೂ ಕೇಳುವುದಿಲ್ಲ. ಎರಡು ಇಲಾಖೆಗಳು, ಎರಡು ಒಳ್ಳೆಯ ಉದ್ದೇಶಗಳು. ಒಂದು ಕಚೇರಿ ಕಾಗದದ ಮೇಲೆ ಒತ್ತಿಸಿಕೊಂಡು ಪ್ರಕಟಿಸಿದ ಗುರುತೇ ಮತ್ತೊಂದು ಕಡೆ ಹಣದ ಪೆಟ್ಟಿಗೆಯ ಕೀಲಿಕೈಯಾಗಿತ್ತು!

2023ರಲ್ಲಿ ಆಗಬಾರದುದು ಆಯಿತು. ಆಸ್ತಿ ನೋಂದಣಿ ಮಾಡಿಸಿ ಬಂದ ಬೆಂಗಳೂರು, ಮಂಗಳೂರು ಕಡೆಯ ಅನೇಕರ ಖಾತೆಗಳಿಂದ ಅವರಿಗೆ ತಿಳಿಯದಂತೆ ಸಾವಿರಗಟ್ಟಲೆ ರೂಪಾಯಿ ಹೋಯಿತು. ಕ್ರಯಪತ್ರಗಳ ನಕಲಿನಿಂದ ಬೆರಳಿನ ಗುರುತನ್ನು ಎತ್ತಿ, ಅದರ ಅಚ್ಚನ್ನು ತಯಾರಿಸಿ ಯಂತ್ರಕ್ಕೆ ಒತ್ತುತ್ತಿದ್ದರೆಂಬುದು ಪೊಲೀಸರ ತನಿಖೆಯಲ್ಲಿ ಹೊರಬಂದಿತು. ಅನಂತರ ನೋಂದಣಿ ಇಲಾಖೆಯು ಜಾಲತಾಣದ ಪ್ರತಿಗಳಲ್ಲಿ ಬೆರಳಿನ ಗುರುತನ್ನೂ ಆಧಾರ್ ಸಂಖ್ಯೆಯನ್ನೂ ಮರೆಮಾಚಲು ಕ್ರಮ ಕೈಗೊಂಡಿತು. ಆದರೆ ಅಷ್ಟರಲ್ಲಿ ಹೊರಹೋದ ಪ್ರತಿಗಳನ್ನು ಯಾರು ಹಿಂದಕ್ಕೆ ತಂದಾರು? ಪಾಸ್‌ವರ್ಡ್ ಕಳುವಾದರೆ ಹೊಸದನ್ನು ಇಡಬಹುದು. ಹೆಬ್ಬೆರಳು ಕಳುವಾದರೆ ಹೊಸ ಹೆಬ್ಬೆರಳನ್ನು ಎಲ್ಲಿಂದ ತರುವುದು?

ಇದು ಯಾರೂ ಊಹಿಸಲಾಗದಿದ್ದ ಅಪಾಯವೆಂಬ ಸಮಾಧಾನಕ್ಕೂ ಎಡೆಯಿಲ್ಲ. ನೆರೆಯ ತೆಲಂಗಾಣದಲ್ಲಿ 2018ರಲ್ಲಿಯೇ ಭೂನೋಂದಣಿ ಪತ್ರಗಳಿಂದ ಬೆರಳಿನ ಗುರುತು ತೆಗೆದು, ರಬ್ಬರಿನ ಅಚ್ಚು ಮಾಡಿ, ಅದರಿಂದ ಸಾವಿರಾರು ಸಿಮ್ ಕಾರ್ಡುಗಳನ್ನು ಚಾಲೂ ಮಾಡಿದ ಪ್ರಕರಣ ಬಯಲಾಗಿತ್ತು. ಐದು ವರ್ಷಗಳ ಕಾಲಾವಕಾಶ ನಮಗಿತ್ತು. ಒಂದು ರಾಜ್ಯದಲ್ಲಿ ಗುಪ್ತದಾರಿ ಬಯಲಾದ ಸುದ್ದಿ ಪಕ್ಕದ ರಾಜ್ಯದ ಕಾವಲುಗಾರನಿಗೆ ತಲುಪುವ ವ್ಯವಸ್ಥೆ ನಮ್ಮಲ್ಲಿಲ್ಲ.

ಈ ಪ್ರಸಂಗದಲ್ಲಿ ನನ್ನನ್ನು ಹೆಚ್ಚು ನೋಯಿಸುವುದು ಇನ್ನೊಂದು ಅಂಶ. ತನ್ನ ಬೆರಳಿನ ಗುರುತನ್ನು ಯಾರೂ ಬಳಸದಂತೆ ಬೀಗ ಹಾಕುವ ಸೌಲಭ್ಯವನ್ನು ಆಧಾರ್ ಪ್ರಾಧಿಕಾರ ನೀಡಿದೆ. ಆದರೆ ಅದು ತಾನಾಗಿ ಮುಚ್ಚಿರುವುದಿಲ್ಲ. ನಾಗರಿಕನೇ ಜಾಲತಾಣಕ್ಕೋ ಮೊಬೈಲ್ ಆ್ಯಪಿಗೋ ಹೋಗಿ ಮುಚ್ಚಬೇಕು. ಎಲ್ಲವೂ ಮುಚ್ಚಿರಬೇಕೆಂದು ಸಾಲ್ಟ್ಜರ್ ಮತ್ತು ಶ್ರೋಡರ್ ಹೇಳಿದ ಸೂತ್ರವೇ ಇಲ್ಲಿ ತಲೆಕೆಳಗಾಗಿದೆ. ಬಾಗಿಲನ್ನು ತೆರೆದಿಟ್ಟು, ಬೀಗ ಅಟ್ಟದ ಮೇಲಿದೆ, ಬೇಕಾದವರು ಹುಡುಕಿ ಹಾಕಿಕೊಳ್ಳಿ ಎಂದು ಮನೆಯೊಡತಿಗೆ ಹೇಳಿ ಹೋದಂತಾಯಿತು. ತಿಂಗಳ ಪಿಂಚಣಿಗಾಗಿ ಕಾಯುವ ಹೊಸನಗರದ ಕಡೆಯ ಅಜ್ಜಿಯೊಬ್ಬಳು ಆ ಅಟ್ಟ ಹತ್ತುವವಳಲ್ಲ. ಕಷ್ಟದ ಕೆಲಸವನ್ನು ಅಸಹಾಯಕರಿಗೆ ಬಿಟ್ಟು, ಸುಲಭದ ಕೆಲಸವನ್ನು ಪಂಡಿತರು ಇಟ್ಟುಕೊಂಡ ವಿನ್ಯಾಸವಿದು. ಮಲೆನಾಡಿನ ನಮಗೆ ಇದರಲ್ಲಿ ಒಂದು ವಿಪರೀತವೂ ಕಾಣುತ್ತದೆ. ವರ್ಷವರ್ಷವೂ ಅಡಿಕೆ ಸುಲಿದು ರೇಖೆ ಸವೆದ ಬೆರಳನ್ನು ನ್ಯಾಯಬೆಲೆ ಅಂಗಡಿಯ ಯಂತ್ರ ಗುರುತಿಸದೆ ಮರಳಿ ಮರಳಿ ಒತ್ತಿಸುವುದುಂಟು. ಜೀವವಿರುವ ಬೆರಳಿಗೆ ಅನುಮಾನ, ಜೀವವಿಲ್ಲದ ಅಚ್ಚಿಗೆ ಆದರ! ಅಚ್ಚನ್ನು ಪತ್ತೆಹಚ್ಚುವ ತಪಾಸಣೆಯನ್ನು ಪ್ರಾಧಿಕಾರವು 2023ರಲ್ಲಿ ಬಿಗಿಗೊಳಿಸಿತೆಂಬುದನ್ನು ಇಲ್ಲಿ ಹೇಳುವುದು ನ್ಯಾಯ. ಆದರೆ ಅದು ಮೇಲುಗಾರೆಯ ಕೆಲಸವೇ.

ಓದುಗರು ಗಮನಿಸಿರಬಹುದು: ಭೂಮಿಯಲ್ಲಿಯೂ ಬೆರಳಿನ ಗುರುತೇ, ಇಲ್ಲಿಯೂ ಬೆರಳಿನ ಗುರುತೇ. ಒಂದೆಡೆ ಅಧಿಕಾರವುಳ್ಳವನನ್ನು ಹೊಣೆಗಾರನನ್ನಾಗಿ ಮಾಡಲು ಅದನ್ನು ಬಳಸಿದರು. ಇನ್ನೊಂದೆಡೆ ಅಧಿಕಾರವಿಲ್ಲದವನ ಹಣಕ್ಕೆ ಅದೊಂದನ್ನೇ ಕಾವಲು ಇಟ್ಟರು. ಸಾಧನ ಒಂದೇ ಆಗಿದ್ದರೂ ಫಲ ಬೇರೆಯಾಯಿತು. ಹಾಗಾಗಿ ಯಂತ್ರವನ್ನು ದೂರುವುದರಲ್ಲಿಯೂ ಹೊಗಳುವುದರಲ್ಲಿಯೂ ಹುರುಳಿಲ್ಲ.

ಬೆಂಗಳೂರಿನ ನಮ್ಮ ಹುಡುಗರು (ನಲವತ್ತು ದಾಟಿದವರೂ ಉಪಾಧ್ಯಾಯರಿಗೆ ಹುಡುಗರೇ) ಇದಕ್ಕೆ ಎರಡು ಆಕ್ಷೇಪಗಳನ್ನು ಹೇಳುತ್ತಾರೆ. ಮೊದಲಿನಿಂದಲೇ ಭದ್ರವಾಗಿ ಕಟ್ಟಲು ಕಾಲವೂ ಹಣವೂ ಬಹಳ ಬೇಕು, ಗ್ರಾಹಕರು ಅಷ್ಟು ಕಾಯುವುದಿಲ್ಲ ಎಂಬುದು ಒಂದು. ಈಗಾಗಲೇ ಕಟ್ಟಿ ನಿಂತಿರುವ ಕೋಟಿಗಟ್ಟಲೆ ಸಾಲುಗಳ ಹಳೆಯ ತಂತ್ರಾಂಶವನ್ನು ಏನು ಮಾಡುವುದು ಎಂಬುದು ಇನ್ನೊಂದು. ಮೊದಲನೆಯದರಲ್ಲಿ ಸತ್ಯವಿದೆ. 2009ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ಎಸ್‌ಇಎಲ್4 ಎಂಬ, ಗಣಕಯಂತ್ರದ ತಿರುಳಿನಂತಿರುವ ಒಂದು ಪುಟ್ಟ ತಂತ್ರಾಂಶವು ತನ್ನ ನಿಯಮಕ್ಕೆ ತಪ್ಪದೆ ನಡೆಯುತ್ತದೆಂದು ಗಣಿತದ ಪ್ರಮೇಯದಂತೆ ಸಾಧಿಸಿ ತೋರಿಸಿದರು. ಅದು ಕೇವಲ 8,700 ಸಾಲುಗಳಷ್ಟು ಬರಹ. ಅದರ ಸಾಧನೆಗೆ ಹಿಡಿದ ಶ್ರಮವಾದರೋ ಒಬ್ಬನೇ ಮನುಷ್ಯ ಸುಮಾರು 20 ವರ್ಷ ದುಡಿದಷ್ಟು. ಶಾಲೆಯ ಶುಲ್ಕದ ಲೆಕ್ಕಕ್ಕೆ ಅಂಥ ಸಾಧನೆಯನ್ನು ಯಾರೂ ಕೇಳುವುದಿಲ್ಲ. ಆದರೆ ಅನವಶ್ಯಕ ವಿವರವನ್ನು ಸಂಗ್ರಹಿಸದಿರಲು, ಬಾಗಿಲನ್ನು ಮೊದಲಿನಿಂದ ಮುಚ್ಚಿಡಲು, ಯಾರು ಏನು ತಿದ್ದಿದರೆಂದು ಬರೆದಿಡಲು ಇಪ್ಪತ್ತು ವರ್ಷ ಬೇಕಾಗಿಲ್ಲ. ಇವುಗಳಲ್ಲಿ ಮೊದಲನೆಯದಕ್ಕಂತೂ ಖರ್ಚೇ ಇಲ್ಲ.

ಎರಡನೆಯ ಆಕ್ಷೇಪಕ್ಕೆ ಲೋಕವೇ ಈಚೆಗೆ ಉತ್ತರ ಕೊಟ್ಟಿದೆ. ನಮ್ಮೆಲ್ಲರ ಕೈಯಲ್ಲಿರುವ ಮೊಬೈಲುಗಳ ಆಂಡ್ರಾಯ್ಡ್ ತಂತ್ರಾಂಶದಲ್ಲಿ ಕಂಡುಬಂದ ಭದ್ರತಾ ದೋಷಗಳ ಪೈಕಿ 2019ರಲ್ಲಿ ಶೇ. 76ರಷ್ಟು ಒಂದೇ ಜಾತಿಯವು: ಯಂತ್ರದ ಸ್ಮೃತಿಕೋಶವನ್ನು ಎಚ್ಚರಿಕೆಯಿಲ್ಲದೆ ಬಳಸಿದುದರಿಂದ ಹುಟ್ಟಿದವು. ಗೂಗಲ್ ಸಂಸ್ಥೆಯವರು ಹಳೆಯದನ್ನೆಲ್ಲ ಕೆಡವಿ ಕಟ್ಟಲಿಲ್ಲ. ಹೊಸದಾಗಿ ಬರೆಯುವುದನ್ನು ಮಾತ್ರ, ಅಂಥ ತಪ್ಪಿಗೆ ಅವಕಾಶವನ್ನೇ ಕೊಡದ ರಸ್ಟ್ ಮೊದಲಾದ ಭಾಷೆಗಳಲ್ಲಿ ಬರೆಯಲು ತೊಡಗಿದರು. 2024ರ ಹೊತ್ತಿಗೆ ಆ ಪ್ರಮಾಣ ಶೇ. 24ಕ್ಕೆ ಇಳಿಯಿತು. ಹಳೆಯ ಬರಹದಲ್ಲಿನ ದೋಷಗಳು ಕಾಲಕ್ರಮದಲ್ಲಿ ಪತ್ತೆಯಾಗಿ ಕಡಿಮೆಯಾಗುತ್ತ ಬಂದುವು. ಹೊಸ ದೋಷಗಳು ಹುಟ್ಟುವುದು ಕಡಿಮೆಯಾಯಿತು. ತಳಪಾಯದಲ್ಲಿ ಮಾಡಿದ ಒಂದು ನಿರ್ಧಾರ ಐದು ವರ್ಷಗಳಲ್ಲಿ ಮಾಡಿದ್ದನ್ನು ತೇಪೆ ಹಾಕುವ ಕೆಲಸ ಅದಕ್ಕೂ ಮುಂಚಿನ ಅನೇಕ ವರ್ಷಗಳಲ್ಲಿ ಮಾಡಲಾರದೆ ಹೋಗಿತ್ತು.

ಇಷ್ಟು ಹೇಳಿದ ಮೇಲೆ ನಮ್ಮ ಶಾಲೆಗಳ ಕಡೆಗೆ ತಿರುಗುವುದು ಅಗತ್ಯ. ಶ್ರೀಮಠದ ಆಶ್ರಯದಲ್ಲಿ ನಡೆಯುವ ಒಂದು ಶಾಲೆಯ ಕಚೇರಿಯಲ್ಲಿ ಇಂದು ಏನೇನು ಕೂಡಿಬಿದ್ದಿದೆ ಎಂಬುದನ್ನು ಯಾರಾದರೂ ಎಣಿಸಿದ್ದಾರೆಯೇ? ಮಗುವಿನ ಆಧಾರ್ ಪ್ರತಿ, ಜಾತಿ ಪ್ರಮಾಣಪತ್ರ, ತಂದೆಯ ಆದಾಯ ಪ್ರಮಾಣಪತ್ರ, ವಿದ್ಯಾರ್ಥಿವೇತನಕ್ಕಾಗಿ ಬ್ಯಾಂಕು ಖಾತೆಯ ಸಂಖ್ಯೆ, ತಾಯಿಯ ಮೊಬೈಲ್ ಸಂಖ್ಯೆ, ಭಾವಚಿತ್ರ, ಹಾಸ್ಟೆಲಿನ ಮಕ್ಕಳದಾದರೆ ಕಾಯಿಲೆಯ ವಿವರ. ಸರ್ಕಾರದ ಎಸ್‌ಎಟಿಎಸ್ ತಂತ್ರಾಂಶಕ್ಕೆ ಬೇಕಾದುದನ್ನು ಕೊಡಲೇಬೇಕು. ಆದರೆ ಅದರ ಜೊತೆಗೆ ಶುಲ್ಕಕ್ಕೊಂದು, ಹಾಜರಿಗೊಂದು, ಪೋಷಕರಿಗೆ ಸಂದೇಶ ಕಳುಹಿಸಲು ಇನ್ನೊಂದು ಎಂದು ಖಾಸಗಿಯವರು ಮಾರುವ ತಂತ್ರಾಂಶಗಳು ಶಾಲೆಗಳಿಗೆ ಬರುತ್ತಿವೆ. ಅವುಗಳಿಗೆ ಮಗುವಿನ ಆಧಾರ್ ಸಂಖ್ಯೆ ಏತಕ್ಕೆ? ಕೇಳಿದರೆ, ನಮೂನೆಯಲ್ಲಿ ಆ ಮನೆ ಇದೆ, ತುಂಬಿಬಿಡಿ ಎಂಬ ಉತ್ತರ ದೊರೆಯುತ್ತದೆ. ಎಲ್ಲ ಉಪಾಧ್ಯಾಯರಿಗೂ ಒಂದೇ ಪಾಸ್‌ವರ್ಡ್. ಅದೂ ಸಾಮಾನ್ಯವಾಗಿ ಶಾಲೆಯ ಹೆಸರಿನ ಮುಂದೆ ಒಂದು, ಎರಡು, ಮೂರು! ಶಾಲೆ ಬಿಟ್ಟುಹೋದ ಮಕ್ಕಳ ವಿವರ ಹಾಗೆಯೇ ಉಳಿದಿರುತ್ತದೆ. ಕ್ರಯಪತ್ರದ ಪ್ರಸಂಗದಿಂದ ಕಲಿಯಬೇಕಾದುದು ಇದೇ: ಒಂದು ಕೆಲಸಕ್ಕೆಂದು ಪಡೆದ ವಿವರ ಇನ್ನಾವುದೋ ಕಡೆ, ನಾವು ಕಾಣದ ಯಾವುದೋ ಪೆಟ್ಟಿಗೆಗೆ ಕೀಲಿಯಾಗಬಹುದು.

ತಂತ್ರಾಂಶ ಕೊಟ್ಟವನ ತಪ್ಪು ಎಂದು ಕೈತೊಳೆದುಕೊಳ್ಳಲು ಇನ್ನು ಮುಂದೆ ಕಾನೂನೂ ಬಿಡುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದ ಪ್ರಕಾರ ವಿವರವನ್ನು ಪಡೆದ ಸಂಸ್ಥೆಯೇ ಅದರ ರಕ್ಷಣೆಗೆ ಹೊಣೆ. ಬೇರೆಯವರಿಂದ ಆ ಕೆಲಸವನ್ನು ಮಾಡಿಸಿದರೂ ಹೊಣೆ ತಪ್ಪದು. ಇದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು, ಹಂತಹಂತವಾಗಿ ಜಾರಿಗೆ ಬರುವಂತೆ ಗೊತ್ತುಪಡಿಸಲಾಗಿದೆ. ಕಾನೂನಿನ ಭಯ ಒತ್ತಟ್ಟಿಗಿರಲಿ, ಮಠವನ್ನು ನಂಬಿ ಮಗುವನ್ನು ಬಿಟ್ಟುಹೋದ ತಾಯಿಗೆ ನಾವು ಯಾವ ಕಂಪನಿಯ ಹೆಸರು ಹೇಳಿ ಮುಖ ತೋರಿಸುವುದು?

ದಾನಿಗಳಲ್ಲಿ ಒಂದು ಅರಿಕೆ. ಕಟ್ಟಡಕ್ಕೆ ದಾನಿಗಳು ದೊರೆಯುತ್ತಾರೆ, ಅವರ ಹೆಸರಿನ ಕಲ್ಲು ಗೋಡೆಯ ಮೇಲೆ ಶೋಭಿಸುತ್ತದೆ, ಅದು ಯೋಗ್ಯವೇ. ಗಣಕಯಂತ್ರದ ಕೊಠಡಿಗೂ ದಾನಿಗಳು ದೊರೆತಿದ್ದಾರೆ. ಆದರೆ ಆ ಯಂತ್ರದಲ್ಲಿ ಕೂಡಿಟ್ಟ ಮಕ್ಕಳ ವಿವರವನ್ನು ವರ್ಷಕ್ಕೊಮ್ಮೆ ತಿಳಿದವರಿಂದ ಪರೀಕ್ಷಿಸಲು, ಹಳೆಯದನ್ನು ಅಳಿಸಲು, ಪ್ರತಿಯೊಬ್ಬ ಉಪಾಧ್ಯಾಯನಿಗೂ ಬೇರೆ ಬೇರೆ ಪ್ರವೇಶ ಏರ್ಪಡಿಸಲು ಹಣ ಕೊಡುವವರು ಅಪರೂಪ, ಏಕೆಂದರೆ ಅದಕ್ಕೆ ಕಲ್ಲು ನೆಡಲು ಗೋಡೆಯಿಲ್ಲ. ದಾಸೋಹದಲ್ಲಿ ಅಡಿಗೆಮನೆಯ ಪಾತ್ರೆ ತೊಳೆಯುವುದೂ ಸೇರಿದೆಯಷ್ಟೆ. ಬೆಂಗಳೂರಿನ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ನಾಲ್ಕೈದು ಮಂದಿ ಬೇಸಗೆಯ ರಜೆಯಲ್ಲಿ ಎರಡು ದಿನ ಬಂದು ಈ ಕೆಲಸಕ್ಕೆ ಕೈಹಚ್ಚಿದರೆ ಹಣದ ಮಾತೂ ಕಡಿಮೆಯಾದೀತು.

ಮುಂದಿನ ಜೂನ್ ತಿಂಗಳೊಳಗೆ ಯಾವುದೇ ಹೊಸ ತಂತ್ರಾಂಶವನ್ನು ಕೊಳ್ಳುವ ಮುನ್ನ ಆಡಳಿತ ಮಂಡಳಿಯವರು ಮಾರಾಟಗಾರನಿಂದ ಲಿಖಿತವಾಗಿ ಉತ್ತರ ಪಡೆಯಬೇಕೆಂದು ನನ್ನ ಸಲಹೆ. ನೀನು ಕೇಳುತ್ತಿರುವ ವಿವರಗಳಲ್ಲಿ ಯಾವುದನ್ನು ಬಿಟ್ಟರೂ ಕೆಲಸ ನಡೆಯುತ್ತದೆ? ನಿನ್ನ ಕಚೇರಿಯಲ್ಲಿ ನಮ್ಮ ಮಕ್ಕಳ ವಿವರವನ್ನು ಎಷ್ಟು ಜನ ನೋಡಬಲ್ಲರು? ನಾಳೆ ನಿನ್ನನ್ನು ಬಿಟ್ಟರೆ ಅದನ್ನು ಅಳಿಸಿದೆಯೆಂದು ನಮಗೆ ತೋರಿಸುವುದು ಹೇಗೆ? ಉತ್ತರ ಕೈಗೆ ಬರುವವರೆಗೆ ಮುಂಗಡ ಹಣದ ಚೆಕ್ಕಿಗೆ ರುಜು ಹಾಕಬಾರದು.